ಇಣಿಯ ಮೇಲಿನ ಹೆಬ್ಬೆರಳು

ಗಾಜಿನ ಪೆಟ್ಟಿಗೆಯೊಳಗೆ ಆ ಮಣ್ಣಿನ ಎತ್ತು ಇನ್ನೂ ಅಲ್ಲೇ ಇತ್ತು. ಬೆರಳುದ್ದದ ಎತ್ತು. ಒಂದು ಕೋಡು ಮುರಿದಿದೆ, ಹಿಂಗಾಲು ಅರ್ಧ ಇಲ್ಲ. ಸುತ್ತಮುತ್ತ ಅದೇ ಹಳೆಯ ನೆಂಟರು. ಬಾಯಿ ಒಡೆದ ಗಡಿಗೆ, ಎಣ್ಣೆಯ ಕಪ್ಪು ಹೀರಿದ ಪಣತಿ, ಬಳೆಯ ಚೂರುಗಳು, ಒಂದು ಹಿಡಿ ಮಣಿ, ನೂಲು ತೆಗೆಯುವಾಗ ಕದರಿಗೆ ಹಾಕುವ ಮಣ್ಣಿನ ಬಿಲ್ಲೆ. ಪಂಚಗಂಗೆಯ ದಂಡೆಯ ದಿಬ್ಬವನ್ನು ಅಗೆದಾಗ ಸಿಕ್ಕ ಹಳೆಯ ಊರಿನ ಸಾಮಾನುಗಳಿವು ಎಂದು ಪಕ್ಕದ ಫಲಕ ಮರಾಠಿಯಲ್ಲಿ ಹೇಳುತ್ತದೆ. ಎಷ್ಟೋ ತಲೆಮಾರುಗಳ ಹಿಂದೆ ಅಲ್ಲಿ ಜನ ಬೇಯಿಸಿ ಉಂಡು, ದೀಪ ಹಚ್ಚಿ, ಮಕ್ಕಳ ಕೈಗೆ ಎತ್ತು ಮಾಡಿ ಕೊಟ್ಟು ಬದುಕಿದ್ದರಂತೆ.

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ತೋರಿಸಲು ಕೊಲ್ಹಾಪುರಕ್ಕೆ ಬಂದಿದ್ದೆ. ಡಾಕ್ಟರು ಮಧ್ಯಾಹ್ನ ಬರುತ್ತಾರೆಂದರು. ಮಗ ಮೋಟಾರ್‌ಸೈಕಲ್ಲಿನಲ್ಲಿ ಕರೆತಂದು ನೆರಳಿಗೆಂದು ಈ ವಸ್ತುಸಂಗ್ರಹಾಲಯದಲ್ಲಿ ಬಿಟ್ಟು ಯಾವುದೋ ಕೆಲಸಕ್ಕೆ ಹೋದ. ಹೊಸ ಕಣ್ಣಿಗೆ ಎಲ್ಲವೂ ತೊಳೆದಿಟ್ಟಂತೆ ಕಾಣುತ್ತಿತ್ತು. ಎತ್ತಿನ ಬೆನ್ನ ಮೇಲಿನ ಇಣಿ, ಅಂದರೆ ಆ ಡುಬ್ಬ, ಅದರ ಎಡಮಗ್ಗುಲಿಗೆ ಒಂದು ಹೆಬ್ಬೆರಳಿನ ಗುಳಿ. ಗುಳಿಯೊಳಗೆ ಚರ್ಮದ ಗೆರೆಗಳು ಕೂಡ. ಅದನ್ನು ನೋಡಿದ ಕೂಡಲೇ ನನ್ನ ಹೊಟ್ಟೆಯೊಳಗೆ ಹಳೆಯ ಕಿಚ್ಚು ಭಗ್ಗೆಂದು ಎದ್ದಿತು. ಇಷ್ಟು ವಯಸ್ಸಾದರೂ, ಮೊಮ್ಮಕ್ಕಳಾದರೂ... ವೈನಿ ನೆನಪಾದಳು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ.

ನಮ್ಮದು ಗಡಹಿಂಗ್ಲಜದ ಕುಂಬಾರರ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಗಡಿಗೆ ತಿರುಗಿಸುವ ತಿಗರಿ ಗಂಡಸರದು, ಹೆಂಗಸರು ಅದನ್ನು ಮುಟ್ಟುವಂತಿರಲಿಲ್ಲ. ಒಲೆ, ಪಣತಿ, ಮಕ್ಕಳ ಆಟಿಗೆ, ಹೀಗೆ ಬರಿಗೈಯಲ್ಲಿ ಮಾಡುವುದೆಲ್ಲ ನಮ್ಮ ಪಾಲಿಗೆ. ಅದರಲ್ಲೂ ಎತ್ತುಗಳ ಹಬ್ಬ ಬೇಂದೂರ ಬಂತೆಂದರೆ ಹೆಂಗಸರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಊರೂರಿನವರು ಹಸಿ ಮಣ್ಣಿನ ಜೋಡೆತ್ತು ಒಯ್ದು ಪೂಜೆ ಮಾಡಿ, ಹಬ್ಬ ಮುಗಿದ ಮೇಲೆ ನೀರಿಗೆ ಬಿಡುತ್ತಿದ್ದರು. ಆ ಎತ್ತುಗಳನ್ನು ನಾವು ಆವಿಗೆಯಲ್ಲಿ ಸುಡುತ್ತಿರಲಿಲ್ಲ. ನೀರಿಗೆ ಬಿದ್ದೊಡನೆ ಕರಗಬೇಕು, ಹಾಗೆ.

ನಾನು ಮೈ ತಿದ್ದುತ್ತಿದ್ದೆ, ಕಾಲು ಎಳೆಯುತ್ತಿದ್ದೆ, ಕೋಡು ಚೂಪು ಮಾಡುತ್ತಿದ್ದೆ. ಇಣಿ ಮಾತ್ರ ಇಡುವಂತಿರಲಿಲ್ಲ. ಇಣಿ ಇಲ್ಲದ ಎತ್ತುಗಳು ಹಲಗೆಯ ಮೇಲೆ ಸಾಲಾಗಿ ನಿಂತಿರುತ್ತಿದ್ದವು. ನೋಡಿದರೆ ಬೀದಿ ನಾಯಿಗಳ ದಂಡು. ಅವ್ವ ಆ ಹಲಗೆಗಳನ್ನು ಒಳಕೋಣೆಗೆ ಒಯ್ದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹೊರಗೆ ಬಂದಾಗ ಅದೇ ನಾಯಿಗಳು ಎತ್ತಾಗಿರುತ್ತಿದ್ದವು. ಇಣಿ ಬಲಕ್ಕೆ ತುಸು ವಾಲಿರುತ್ತಿತ್ತು, ನೊಗ ಹೊತ್ತು ಈಗಷ್ಟೇ ಹೊಲದಿಂದ ಬಂದ ಎತ್ತಿನ ಹಾಗೆ. ಬೇರೆ ಯಾರ ಮನೆಯ ಎತ್ತಿಗೂ ಆ ಠೀವಿ ಇರಲಿಲ್ಲ. ಮೂರು ರಸ್ತೆಯಾಚೆ ನೋಡಿದರೂ ಇದು ನಮ್ಮ ಮನೆಯದೆಂದು ಜನ ಹೇಳುತ್ತಿದ್ದರು.

‘ನಂಗೂ ಕಲಿಸಬೇ ಅವ್ವಾ’ ಎಂದು ನಾನು ಎಷ್ಟು ಗೋಗರೆದೆನೋ.

‘ನೀ ಹೊರಗ ಹೋಗಾಕಿ. ಇಣಿ ಮನೀ ಸೊಸೀದು’ ಎನ್ನುತ್ತಿದ್ದಳು ಅವ್ವ. ಅಜ್ಜಿ ಅವಳಿಗೆ ಕಲಿಸಿದ್ದಳು, ಅಜ್ಜಿಗೆ ಅವಳ ಅತ್ತೆ. ಮಗಳಿಗೆ ಕಲಿಸಿದರೆ ಆಕೆ ಅದನ್ನು ಇನ್ನೊಬ್ಬ ಕುಂಬಾರನ ಮನೆಗೆ ಕಟ್ಟಿಕೊಂಡು ಹೋಗುತ್ತಾಳೆ, ಅಷ್ಟೇ ಲೆಕ್ಕ. ಅಪ್ಪನ ಅಕ್ಕತಂಗಿಯರಲ್ಲಿ ಯಾರೂ ಅದಕ್ಕಾಗಿ ಅತ್ತಂತೆ ಕಾಣೆ. ನಾನು ಅತ್ತುಬಿಟ್ಟೆ. ನನಗೆ ಆ ಇಣಿ ಬೇಕಿತ್ತು. ಸೀರೆ ಬೇಡ, ಕೊರಳಿಗೆ ಬೋರಮಾಳ ಬೇಡ, ತವರಿನಿಂದ ಅದೊಂದು ಸಾಕಿತ್ತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ನಾನು ಹುಟ್ಟಾ ಎಡಚಿ. ಅವ್ವನೂ ಎಡಚಿಯಾಗಿಯೇ ಹುಟ್ಟಿದ್ದಳಂತೆ. ಆದರೆ ಅವಳು ಎಡಗೈಯಲ್ಲಿ ಏನಾದರೂ ಮಾಡಿದ್ದನ್ನು ನಾನು ಕಂಡವಳಲ್ಲ. ಅಜ್ಜಿಯ ಬೈಗುಳ ತಿಂದು ತಿಂದು ಎಲ್ಲ ಬಲಗೈಗೆ ಬಂದಿತ್ತು. ನನ್ನನ್ನೂ ಅದೇ ದಾರಿಗೆ ತಂದಳು. ಉಣ್ಣಲು ಕೂತಾಗ, ರೊಟ್ಟಿ ಬಡಿಯುವಾಗ, ಮಣ್ಣು ಹಿಡಿದಾಗ ನನ್ನ ಎಡಗೈಗೆ ಹಳೆಯ ಅರಿವೆ ಸುತ್ತಿ ಗಂಟು ಹಾಕುತ್ತಿದ್ದಳು. ‘ಎಡಗೈಲೆ ನೀಡಿದ್ರ ಗಂಡನ ಮನ್ಯಾಗ ಯಾರ ಉಣ್ತಾರ?’ ಎನ್ನುತ್ತಿದ್ದಳು. ಕೈ ಒಳಗೊಳಗೇ ಬೆವರಿ ನಾರುತ್ತಿತ್ತು. ಆ ವಾಸನೆ ಇನ್ನೂ ಮೂಗಿನಲ್ಲಿದೆ.

ಅಂಥ ಮನೆಗೆ ವೈನಿ ಸೊಸೆಯಾಗಿ ಬಂದಳು. ಹಲಕರ್ಣಿಯ ಕಡೆಯವಳು. ಜಾತಿಯಲ್ಲಿ ಕುಂಬಾರರೇ, ಆದರೆ ಅವಳ ತವರಿನವರು ತಿಗರಿ ಬಿಟ್ಟು ಕಬ್ಬಿನ ಗದ್ದೆಗೆ ಕೂಲಿ ಹೋಗತೊಡಗಿ ಯಾವುದೋ ಕಾಲವಾಗಿತ್ತು. ಕೈತುಂಬ ಕಬ್ಬಿನ ಒಣಗರಿ, ಆ ರವದಿ, ಗೀರಿದ ಗೆರೆಗಳು. ಮಣ್ಣು ಕಲಸಲು ಕೂತರೆ ಹಿಟ್ಟು ನಾದಿದಂತೆ ನಾದುತ್ತಿದ್ದಳು, ಕಲ್ಲು ಆರಿಸಲೂ ಗೊತ್ತಿಲ್ಲ. ಅವಳು ಮಾಡಿದ ಮೊದಲ ಎತ್ತು ನೋಡಿ ಅಣ್ಣ, ‘ಇದು ಹಂದಿಯೋ ಹೆಗ್ಗಣವೋ’ ಎಂದು ಕೇಳಿದ್ದ. ಅವಳು ಸಿಟ್ಟಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಕುಣಿಸಿ ನಕ್ಕಳು. ಹಾಗೆ ನಗುವವಳನ್ನು ದ್ವೇಷಿಸುವುದು ಕಷ್ಟ. ನಾನು ಕಷ್ಟಪಟ್ಟೆ.

ಯಾಕೆಂದರೆ ಮರುವರ್ಷದ ಬೇಂದೂರಕ್ಕೆ ಅವ್ವ ಹಲಗೆ ಎತ್ತಿಕೊಂಡು ಒಳಕೋಣೆಗೆ ಹೋಗುವಾಗ ಹಿಂದೆ ತಿರುಗಿ, ‘ಬಾರವಾ’ ಎಂದಳು. ನನ್ನನ್ನಲ್ಲ, ಅವಳನ್ನು. ನನ್ನ ಕೈಗೆ ಬಿಂದಿಗೆ ಕೊಟ್ಟು ನೀರಿಗೆ ಕಳಿಸಿದಳು. ನೀರು ತಂದು ಇಳಿಸಿದಾಗಲೂ ಬಾಗಿಲು ಹಾಕಿಯೇ ಇತ್ತು. ಒಳಗಿನಿಂದ ಅವ್ವನ ಸಣ್ಣ ಮಾತು, ವೈನಿಯ ನಗು. ಅವ್ವನೂ ನಕ್ಕಳು. ಅವ್ವ ಅಷ್ಟು ಮೆತ್ತಗೆ ನಗುವುದು ನನಗೆ ಗೊತ್ತೇ ಇರಲಿಲ್ಲ... ನಾನು ಅಂಗಳದಲ್ಲಿ ಕೂತು ಇಣಿ ಇಲ್ಲದ ಎತ್ತೊಂದನ್ನು ಕೈಯಲ್ಲಿ ಹಿಡಿದು ಹಿಚುಕಿ ಮುದ್ದೆ ಮಾಡಿದೆ. ಹೊಟ್ಟೆಕಿಚ್ಚು ಅನ್ನುವುದಕ್ಕೆ ಬೇರೆ ಹೆಸರು ಹುಡುಕುವ ಅಗತ್ಯವಿಲ್ಲ. ಹೊಟ್ಟೆಕಿಚ್ಚೇ ಅದು.

ಅವಳು ಕಲಿತಳು. ಕಲಿತದ್ದೂ ಎಂಥದು! ಹಬ್ಬದ ಮುಂಚೆ ಬುಟ್ಟಿ ಹೊತ್ತು ಮಹಾಗಾಂವಕ್ಕೆ ಹೋದರೆ ರೈತರ ಮನೆಯ ಹೆಂಗಸರು ಜೋಳ ಮೊರದಲ್ಲಿ ಹಿಡಿದುಕೊಂಡು, ‘ಸೊಸಿ ಮಾಡಿದ್ದ ಜೋಡಿ ಕೊಡ್ರಿ, ಅದರ ಇಣಿ ಭಾಳ ಛಂದ’ ಎಂದು ಕೇಳತೊಡಗಿದರು. ಆ ಎತ್ತಿನ ಮೈ ನನ್ನದು, ಕಾಲು ನನ್ನದು, ಕೋಡು ನನ್ನದು. ಹೆಸರು ಅವಳದು. ವೈನಿಯೋ, ‘ಮೈ ನಮ್ಮ ತಂಗೀ ಕೈದ್ರಿ’ ಎಂದು ನನ್ನ ಬೆನ್ನು ತಟ್ಟುತ್ತಿದ್ದಳು. ಅದರಿಂದ ಇನ್ನಷ್ಟು ಉರಿ ಆಗುತ್ತಿತ್ತು. ಕೆಟ್ಟವಳಾಗಿದ್ದರೆ ಎಷ್ಟು ಅನುಕೂಲವಿತ್ತು.

ನನ್ನನ್ನು ಇಚಲಕರಂಜಿಗೆ ಕೊಟ್ಟರು. ಇಷ್ಟು ವರ್ಷ ಬಾಗಿಲು ಮುಚ್ಚಿದ್ದು ಇನ್ನೊಬ್ಬ ಕುಂಬಾರನ ಮನೆಗೆ ವಿದ್ಯೆ ಹೋದೀತೆಂದು ತಾನೆ? ನೋಡಿದರೆ ಗಂಡ ಮಗ್ಗದ ಶೆಡ್ಡಿನಲ್ಲಿ ಪಾಳಿ ಮಾಡುವವನು, ಅತ್ತೆಯ ಮನೆಯಲ್ಲಿ ಮಣ್ಣಿನ ಹೆಸರೆತ್ತುವವರಿಲ್ಲ. ನಾನು ಮಗ್ಗಕ್ಕೆ ನೂಲಿನ ಕಾಂಡಿ ಸುತ್ತುತ್ತ ಕೂತೆ. ಹಗಲೂ ರಾತ್ರಿ ಕಿವಿಯಲ್ಲಿ ಖಟಖಟ, ಕೂದಲಲ್ಲಿ ಹತ್ತಿಯ ಧೂಳು. ಬೇಂದೂರಕ್ಕೆಂದು ತವರಿಗೆ ಹೋದರೆ ವೈನಿ ಎದುರು ಓಡಿ ಬಂದು ಚೀಲ ಇಸಿದುಕೊಳ್ಳುವಳು, ಬಿಸಿನೀರು ಕಾಸುವಳು, ಹೋಳಿಗೆ ತಿನ್ನಿಸುವಳು. ಆದರೆ ಅವಳು ಇಣಿ ಇಡುವಾಗ ನಾನು ಒಳಗೆ ಕಾಲಿಟ್ಟೆನೋ, ಒದ್ದೆ ಅರಿವೆಯನ್ನು ಹಲಗೆಯ ಮೇಲೆ ಎಳೆದುಬಿಡುವಳು. ‘ಯಾರಿಗೂ ತೋರಸೂದಿಲ್ಲ ಅಂತ ಅತ್ತಿಯವರು ಮಾತ ತಗೊಂಡಾರ ತಂಗಿ’ ಎಂದು ನಗುವಳು. ಅವ್ವನ ಮೂಲೆಯಲ್ಲಿ, ಅವ್ವನ ಮಣೆಯ ಮೇಲೆ, ಅವ್ವನ ಹಾಗೆಯೇ ಒಂದು ಕಾಲು ಮಡಚಿ ಕೂತಿರುತ್ತಿದ್ದಳು. ನಾನು ಹುಟ್ಟಿದ ಮನೆಯಲ್ಲಿ ನನಗೆ ಹೊರಗೆ ನಿಲ್ಲುವ ಜಾಗ.

ಅವ್ವ ತೀರಿಕೊಂಡ ಮೇಲೆ, ಇನ್ನೂ ವರ್ಷ ತುಂಬಿರಲಿಲ್ಲ, ಅಣ್ಣ, ವೈನಿ ಮತ್ತು ನಾನು ದೇವಿಯ ದರ್ಶನಕ್ಕೆ ಕೊಲ್ಹಾಪುರಕ್ಕೆ ಬಂದಿದ್ದೆವು. ಅಣ್ಣನಿಗೆ ಪೇಟೆಯಲ್ಲಿ ಏನೋ ಖರೀದಿ. ಬಿಸಿಲು ತಡೆಯದೆ ನಾವಿಬ್ಬರೂ ಇದೇ ಕಟ್ಟಡ ಹೊಕ್ಕೆವು, ಇದೇ ಪೆಟ್ಟಿಗೆಯ ಮುಂದೆ ನಿಂತೆವು. ಮೊದಲು ನೋಡಿದವಳು ನಾನು. ಎತ್ತು ಕಂಡೆ, ‘ಮಣ್ಣಿನ ಎತ್ತು’ ಅಂದುಕೊಂಡೆ, ಮಣಿಗಳ ಕಡೆ ಸರಿದೆ. ಹಿಂದೆಯೇ ಬಂದ ವೈನಿ ಅಲ್ಲೇ ನಿಂತುಬಿಟ್ಟಳು. ಆಮೇಲೆ ಎರಡೂ ಅಂಗೈ ಗಾಜಿಗೆ ಒತ್ತಿ, ‘ಅಯ್ಯ... ಅತ್ತೀ’ ಎಂದಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು.

‘ಅಹೋ ಬಾಯಿ, ಕಾಚೇಲಾ ಹಾತ ಲಾವೂ ನಕಾ!’ ಎಂದು ಕಾವಲಿನವನು ಗಾಜು ಮುಟ್ಟದಂತೆ ಗದರಿಸುತ್ತ ಬಂದ. ನಮ್ಮ ಮಾತು ಕೇಳಿ ಕನ್ನಡಕ್ಕೆ ತಿರುಗಿದ, ಗಡಿಯ ಕಡೆಯವನೇ ಇರಬೇಕು. ‘ಏನಾತ್ರಿ? ಯಾಕ ಅಳಾಕತ್ತೀರಿ?’

‘ಇದ ನಮ್ಮತ್ತಿಯವರು ಮಾಡಿದ್ದರೀ’ ಎಂದಳು ವೈನಿ. ‘ನಿಮಗ ಯಾರ ತಂದ ಕೊಟ್ರು?’

ಅವನು ಎರಡು ಸಾವಿರ ವರ್ಷದ ಹಿಂದಿನದೆಂದ. ನೆಲದೊಳಗೆ ಸಿಕ್ಕಿದ್ದೆಂದ. ವೈನಿ ಕೇಳಬೇಕಲ್ಲ!

‘ಎಲ್ಲೀ ಎರಡ ಸಾವಿರ ವರ್ಷರೀ! ಅವರು ಹೋಗಿ ಇನ್ನೂ ವರ್ಷ ಆಗಿಲ್ಲ. ಇಲ್ಲಿ ನೋಡ್ರಿ, ಎಡಗೈ ಹೆಬ್ಬಟ್ಟ. ಬಾಗಲಾ ಹಾಕ್ಕೊಂಡ ಎಡಗೈಲೇನ ಇಣಿ ಒತ್ತತಿದ್ರು, ಯಾರಿಗೂ ತೋರಸ್ತಿರಲಿಲ್ಲ. ನಂದು ಬಲಗೈ, ನಂಗ ಹಂಗ ವಾಲಸಾಕ ಬರಲಿಲ್ಲ. ಅದಕ್ಕ ಎತ್ತಿನ ಮಾರಿ ನನ್ನ ಕಡಿ ತಿರುವಿ ಇಟ್ಟ ಒತ್ತಾಕ ಕಲಿಸಿದ್ರು. ಯಾರೋ ನಮ್ಮ ಎತ್ತ ಒಯ್ದ, ತಮ್ಮ ಆವಿಗ್ಯಾಗ ಸುಟ್ಟ, ನಿಮಗ ಮಾರ್ಯಾರ ನೋಡ್ರಿ.’

‘ಹಂಗಾರ ನಿಮ್ಮತ್ತಿಗೆ ಎರಡ ಸಾವಿರ ವರ್ಷ ಆಗಿದ್ವೇನ್ರಿ?’ ಎಂದು ಅವನು ನಕ್ಕ.

‘ಆಗಿದ್ರೂ ಆಗಿರಬೇಕ ಬಿಡ್ರಿ’ ಎಂದು ಅವಳೂ ಕಣ್ಣೊರೆಸಿಕೊಂಡು, ಸೆರಗು ಬಾಯಿಗೆ ಒತ್ತಿ, ಮೈಯೆಲ್ಲ ಕುಣಿಸಿ ನಕ್ಕಳು.

ನಾನು ನಗಲಿಲ್ಲ. ಎಡಗೈ! ಇಡೀ ಗುಟ್ಟು ಅಷ್ಟೇ. ಅರಿವೆ ಸುತ್ತಿ ಗಂಟು ಹಾಕಿ ನನ್ನಿಂದ ಬಿಡಿಸಿದ್ದನ್ನೇ ಅವ್ವ ಬಾಗಿಲು ಹಾಕಿಕೊಂಡು ತಾನು ಮಾಡುತ್ತಿದ್ದಳು. ಹುಟ್ಟುತ್ತಲೇ ನನ್ನ ಕೈಯಲ್ಲಿದ್ದದ್ದು ಅದು. ಆ ಕೈ ಇಲ್ಲದವಳಿಗೆ ಎತ್ತಿನ ಮುಖವನ್ನೇ ತಿರುಗಿಸಿ ಕಲಿಸಿದಳು. ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು. ಆ ಎತ್ತನ್ನು ಮೊದಲು ನೋಡಿದವಳು ನಾನು, ಹೆತ್ತ ಮಗಳು. ನನಗೆ ಬರೀ ಎತ್ತು ಕಂಡಿತು. ಅವ್ವನ ಕೈ ಕಂಡದ್ದು ಹಲಕರ್ಣಿಯಿಂದ ಬಂದವಳಿಗೆ. ಎತ್ತು ಅವ್ವನದಲ್ಲದಿದ್ದರೆ ಏನಾಯಿತು? ಕಾವಲಿನವನು ಹೇಳಿದ್ದೇ ನಿಜ, ನನಗೆ ಗೊತ್ತು. ಆದರೂ ತಪ್ಪು ತಿಳಿಯಲಿಕ್ಕಾದರೂ ಅವಳಿಗೆ ಸಾಧ್ಯವಾಯಿತಲ್ಲ. ನನಗೆ ಅಷ್ಟೂ ಆಗಲಿಲ್ಲ.

ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಪಕ್ಕದಲ್ಲಿ ಕೂತ ಅವಳು, ‘ನಿನ್ನ ಮುಂದ ಹೇಳಬಾರದಿತ್ತ ತಂಗಿ. ಬಾಯಿಂದ ಬಂದಬಿಡ್ತ’ ಎಂದಳು.

‘ಆ ಕಾವಲಿನವನ ಮುಂದ ಹೇಳಬಹುದು, ನನ್ನ ಮುಂದ ಹೇಳಬಾರದೇನ್ರಿ ವೈನಿ?’

‘ಅಂವ ಎತ್ತ ಮಾಡಂಗಿಲ್ಲಲ್ಲ’ ಎಂದಳು. ಅವಳು ಕೊಟ್ಟ ಮಾತಿಗೆ ಅಂಟಿಕೊಂಡವಳು. ಅದಕ್ಕೂ ನನಗೆ ಹೊಟ್ಟೆಕಿಚ್ಚು. ಅವ್ವ ನನ್ನಿಂದ ಯಾವ ಮಾತನ್ನೂ ತೆಗೆದುಕೊಂಡಿರಲಿಲ್ಲ.

ಆಮೇಲೆ ನಾನು ಬೇಂದೂರಕ್ಕೆ ತವರಿಗೆ ಹೋಗುವುದನ್ನು ಕಡಿಮೆ ಮಾಡಿದೆ. ವೈನಿ ಬಿಡುವವಳೇ? ರವದಿಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು, ಅಣ್ಣನ ಕೈಯಲ್ಲಿ ಒಂದು ಜೋಡಿ ಕಳಿಸುತ್ತಿದ್ದಳು. ಬಸ್ಸಿನ ಕುಲುಕಾಟಕ್ಕೆ ಕೋಡು ಮುರಿದರೂ ಇಣಿ ಮುರಿಯುತ್ತಿರಲಿಲ್ಲ. ಪೂಜೆಗೆ ಇಡುವಾಗ ಆ ಹೆಬ್ಬೆರಳಿನ ಗುಳಿ ಗೋಡೆಯ ಕಡೆ ಬರುವಂತೆ ಇಡುತ್ತಿದ್ದೆ. ಹೋಳಿಗೆಯ ಎಡೆ ಹಿಡಿದು ನಮಸ್ಕಾರವನ್ನೂ ಮಾಡುತ್ತಿದ್ದೆ. ಹಬ್ಬ ಮುಗಿದ ಮರುದಿನವೇ ಹೊಳೆಗೆ ಒಯ್ದು ಬಿಡುತ್ತಿದ್ದೆ, ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳುತ್ತಿರಲಿಲ್ಲ. ನನ್ನ ಎಡಗೈಯಲ್ಲಿ ಪ್ರಯತ್ನಿಸಬೇಕೆಂದು ಒಮ್ಮೆಯೂ ಅನಿಸಲಿಲ್ಲವೇ ಎಂದರೆ, ಅನಿಸಿತ್ತು. ಆದರೆ ಅದು ಅವಳ ಬಾಯಿಂದ ಜಾರಿ ಬಿದ್ದದ್ದು. ಬಿದ್ದದ್ದನ್ನು ಎತ್ತಿಕೊಳ್ಳಲು ನಾನೇನು ಭಿಕಾರಿಯೇ? ಅವ್ವ ಕೊಡಬೇಕಿತ್ತು. ಇಲ್ಲವೇ ಅವಳಾದರೂ ಕರೆದು ಕೊಡಬೇಕಿತ್ತು...

ವೈನಿ ಹೋದದ್ದು ಮಳೆಗಾಲದ ಆರಂಭದಲ್ಲಿ, ಹಬ್ಬಕ್ಕೆ ಮಣ್ಣು ನೆನೆಹಾಕಿದ ದಿನ. ಎದೆ ಹಿಡಿದುಕೊಂಡಿತು ಎಂದಳಂತೆ, ಕೈ ತೊಳೆದುಕೊಂಡು ಮಲಗಿದಳಂತೆ, ಅಷ್ಟೇ. ನಾನು ಹೋದಾಗ ಅವಳ ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು. ಬಲಗೈ ಹೆಬ್ಬೆರಳು ಒತ್ತಿ ಒತ್ತಿ ಅಗಲವಾಗಿತ್ತು. ಹಿಡಿದು ನೋಡಿದೆ. ಬಿಡಲು ಮನಸ್ಸಾಗಲಿಲ್ಲ.

ಅವಳ ಸೊಸೆ ಒಳ್ಳೆಯ ಹುಡುಗಿ, ಚುರುಕು. ಈಗ ಅಚ್ಚು ತಂದಿದ್ದಾಳೆ. ಪ್ಲಾಸ್ಟರಿನ ಬಿಳಿ ಹಿಟ್ಟು ಕಲಸಿ ಹೊಯ್ದರೆ ಎತ್ತು ಸಿದ್ಧ, ಎಲ್ಲವೂ ಒಂದೇ ಥರ, ಇಣಿ ನೆಟ್ಟಗೆ ಲಿಂಗದ ಹಾಗೆ. ‘ಅತ್ತಿಯವರು ಬಾ ಅಂತ ಕರದಿದ್ರು, ಮಕ್ಕಳು ಸಣ್ಣವಿದ್ವು, ಮುಂದಿನ ವರ್ಷ ಕಲಿತೀನಿ ಅಂದೆ’ ಎಂದಳು. ವೈನಿ ಅವಳನ್ನು ಕರೆದಿದ್ದಳು. ಕೇಳಿ ನನಗೆ ಹೇಗಾಯಿತೆಂದು ಮತ್ತೆ ಹೇಳಬೇಕೇ?

ಹೀಗೆ ನಾನು ಈ ಗಾಜಿನ ಮುಂದೆ ನಿಂತಿದ್ದೆ. ಅವ್ವ ಮಾಡಿದ ಒಂದು ಎತ್ತೂ ಉಳಿದಿಲ್ಲ. ವೈನಿಯದೂ ಇಲ್ಲ, ನಾನೇ ನೀರಿಗೆ ಬಿಟ್ಟಿದ್ದೇನೆ. ಉಳಿದದ್ದು ಯಾವಳೋ ಎಡಚಿಯದು. ಅವಳು ಯಾರ ಸೊಸೆಯೋ, ಯಾರ ಮಗಳೋ, ಬಾಗಿಲು ಹಾಕಿಕೊಂಡಿದ್ದಳೋ, ನದಿಯ ಗಾಳಿಗೆ ಎಲ್ಲರೆದುರು ಕೂತು ಒತ್ತಿದಳೋ... ಅವಳ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅವಳ ಕೈಗೆ ಯಾರೂ ಅರಿವೆ ಸುತ್ತಿರಲಿಲ್ಲ.

ಡಾಕ್ಟರಿಗೆ ಕಣ್ಣು ತೋರಿಸಿ ಬರುವಾಗ ಮಗನಿಗೆ ಹೇಳಿ ಕುಂಬಾರರ ಓಣಿಯಲ್ಲಿ ಗಾಡಿ ನಿಲ್ಲಿಸಿ ಒಂದು ಉಂಡೆ ಹದವಾದ ಮಣ್ಣು ಇಸಿದುಕೊಂಡೆ. ‘ಬೇಂದೂರಕ್ಕ ಬಾಜಾರದಾಗ ಜೋಡಿ ಸಿಗತಾವಲ್ಲಬೇ’ ಎಂದು ಅವನು ಗೊಣಗಿದ. ಮನೆಗೆ ಬಂದು, ಮಗ್ಗದ ಸದ್ದು ಗೋಡೆಯಾಚೆ ನಡೆದೇ ಇರುವಾಗ, ಹಿತ್ತಲ ಬಾಗಿಲಲ್ಲಿ ಒಂದು ಕಾಲು ಮಡಚಿ ಕೂತೆ. ಬಾಗಿಲು ಹಾಕಲಿಲ್ಲ. ಮೈ, ಕಾಲು, ಕೋಡು ತಾವಾಗಿಯೇ ಬಂದವು. ಇಣಿಯನ್ನು ಮೊದಲು ಬಲಗೈಯಲ್ಲಿ ಒತ್ತಿದೆ. ಕೊಳಕು. ಕಿತ್ತು ಹಾಕಿ, ಹೊಸ ಉಂಡೆ ಇಟ್ಟು, ಎಡಗೈ ಹೆಬ್ಬೆರಳು ಒತ್ತಿದೆ.

ಅದು ವಾಲಿತು. ಬಲಕ್ಕೆ, ಅಷ್ಟೇ ಅಷ್ಟು. ಇಷ್ಟು ಕಾಲ ಆ ಬೆರಳು ಎಲ್ಲೂ ಹೋಗಿರಲಿಲ್ಲ, ಅಲ್ಲೇ ಕಾದು ಕೂತಿತ್ತು. ಇನ್ನೊಂದಕ್ಕೂ ಒತ್ತಿದೆ. ಜೋಡಿಯಾಯಿತು. ನನಗೆ ಕುಣಿಯುವಷ್ಟು ಹಿಗ್ಗು. ಜೋಡಿಯನ್ನು ಅಂಗೈಯಲ್ಲಿ ಎತ್ತಿಕೊಂಡು, ಇಷ್ಟು ವರ್ಷ ಒಳಗೆ ಕಟ್ಟಿಟ್ಟ ಮಾತನ್ನೆಲ್ಲ ಬಾಯಿಗೆ ತಂದುಕೊಂಡು, ‘ಈಗ ನೋಡ್ರಿ ವೈನಿ’ ಎಂದು ತಿರುಗಿಯೇ ಬಿಟ್ಟೆ.

ಹಿಂದೆ ಮಗ ನಿಂತಿದ್ದ. ‘ಛಲೋ ಆಗ್ಯಾವಬೇ’ ಎಂದ. ಬಗ್ಗಿ ನೋಡಿ, ‘ಆದ್ರ ಇಣಿ ಒಂದ ಸ್ವಲ್ಪ ಸೊಟ್ಟ ಆಗ್ಯಾವ. ಹಸಿ ಇದ್ದಾಗನ ನೆಟ್ಟಗ ಮಾಡ್ಲಿ?’ ಎಂದು ಕೈ ಚಾಚಿದ. ನಾನು ಜೋಡಿಯನ್ನು ಎದೆಗೆ ಅವಚಿಕೊಂಡೆ.

ಬೇಂದೂರ ಮುಗಿದಿದೆ. ಜೋಡಿ ಇನ್ನೂ ಗೋಡೆಯ ದೇವರ ಮಾಡದಲ್ಲಿದೆ, ಗುಳಿ ಈಚೆಗೆ ಕಾಣುವಂತೆ ಇಟ್ಟಿದ್ದೇನೆ. ಹೊಳೆಗೆ ಬಿಡಬೇಕು, ಇವತ್ತು ನಾಳೆ ಎನ್ನುತ್ತ ದಿನ ದೂಡುತ್ತಿದ್ದೇನೆ. ಬಂದವರೆಲ್ಲ ನೋಡುತ್ತಾರೆ, ಎತ್ತು ಎನ್ನುತ್ತಾರೆ, ಮುಂದೆ ಸರಿಯುತ್ತಾರೆ. ಇದನ್ನು ನೋಡಿ ನಿಂತು, ಗಾಜಿಗೆ ಅಂಗೈ ಒತ್ತಿದ ಹಾಗೆ ಕೈ ಚಾಚಿ, ಇದು ಅತ್ತಿಯವರ ಕೈ ಎಂದು ಹೇಳಬಲ್ಲ ಕಣ್ಣು ಲೋಕದಲ್ಲಿ ಒಂದೇ ಜೊತೆ ಇತ್ತು. ಅದನ್ನೂ ವೈನಿ ತನ್ನ ಸಂಗಡವೇ ಒಯ್ದುಬಿಟ್ಟಳು.